ಹೆಪಟೈಟಿಸ್ ಬಿ ನಿಜವಾಗ್ಲೂ ಎಲ್ಲಿಂದ ಬಂತು? ಹಳೇ ಹಲ್ಲುಗಳು ಹೇಳಿದ ಕಥೆ

ಯಾರಿಗಾದ್ರೂ ಎಚ್‌ಬಿಎಸ್‌ಎಜಿ ಪಾಸಿಟಿವ್, ಅಂದ್ರೆ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆ ಅಂತ ರಿಪೋರ್ಟ್ ಬಂದ್ರೆ ಸಾಕು, ಸುತ್ತ ಇರೋರು ಮೊದಲು ಕೇಳೋದೇ "ಇವರಿಗೆ ಎಲ್ಲಿಂದ ಅಂಟ್ಕೊಳ್ತು ಇದು" ಅಂತ, ಆ ಪ್ರಶ್ನೆ ಒಳಗೇ ಒಂದು ಅನುಮಾನ ಕೂತಿರುತ್ತೆ, ಏನೋ ತಪ್ಪು ಮಾಡಿರಬೇಕು, ಎಲ್ಲೋ ಹೋಗಿರಬೇಕು ಅನ್ನೋ ಥರ. ಬಸುರಿ ಹೆಣ್ಮಕ್ಕಳಿಗೆ ಮೊದಲನೇ ಚೆಕಪ್‌ನಲ್ಲಿ ಇದು ಗೊತ್ತಾದಾಗ ಮನೆಯವರೇ ಆಡೋ ಮಾತು ಕೇಳಿದ್ರೆ ನಿಜವಾಗ್ಲೂ ಸಂಕಟ ಆಗುತ್ತೆ. ಅದಕ್ಕೇ ಇದನ್ನ ಬರೀತಿರೋದು. ಎಲ್ಲಿಂದ ಬಂತು ಅನ್ನೋದಕ್ಕೆ ವಿಜ್ಞಾನದ ಹತ್ರ ಈಗ ಒಂದು ಉತ್ತರ ಇದೆ, ಪೂರ್ತಿ ಅಲ್ಲದಿದ್ರೂ ಸಾಕಷ್ಟು ಗಟ್ಟಿ ಉತ್ತರ. ಈ ವೈರಸ್ಸನ್ನ ಜೀವನಪೂರ್ತಿ ಹೊತ್ಕೊಂಡು ಓಡಾಡೋರಲ್ಲಿ ಹೆಚ್ಚಿನವರಿಗೆ ಅದು ಬಂದಿರೋದು ಹುಟ್ಟೋವಾಗ ಅಮ್ಮನಿಂದ, ಇಲ್ಲಾ ಇನ್ನೂ ಚಿಕ್ಕ ಮಗುವಾಗಿದ್ದಾಗ ಮನೆಯೊಳಗೇ ಯಾರಿಂದಲೋ. ಆ ಅಮ್ಮನಿಗೆ ಅವಳ ಅಮ್ಮನಿಂದ. ಹೀಗೇ ಹಿಂದಕ್ಕೆ ಹೋಗ್ತಾ ಹೋದ್ರೆ ಈ ಸರಪಳಿ ಹತ್ತು ಸಾವಿರ ವರ್ಷಕ್ಕಿಂತಲೂ ಹಿಂದೆ ಹೋಗುತ್ತೆ.

ಇದು ಹೇಗೆ ಸಾಧ್ಯ ಅಂದ್ರೆ, ದೊಡ್ಡವರಿಗೆ ಈ ವೈರಸ್ ತಗುಲಿದ್ರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ದೇಹವೇ ಅದನ್ನ ಓಡಿಸಿಬಿಡುತ್ತೆ, ನೂರರಲ್ಲಿ ಐದು ಜನಕ್ಕಿಂತ ಕಮ್ಮಿ ಮಂದಿಗೆ ಮಾತ್ರ ಅದು ಖಾಯಂ ಆಗಿ ಉಳ್ಕೊಳ್ಳುತ್ತೆ. ಆದ್ರೆ ಹುಟ್ಟೋವಾಗಲೋ ಮೊದಲನೇ ವರ್ಷದಲ್ಲೋ ತಗುಲಿದ್ರೆ ಲೆಕ್ಕ ತಲೆಕೆಳಗು, ನೂರರಲ್ಲಿ ತೊಂಬತ್ತು ಮಕ್ಕಳಲ್ಲಿ ಅದು ಲಿವರ್‌ನಲ್ಲೇ ಸೆಟ್ಲ್ ಆಗುತ್ತೆ. ಆ ಮಗು ಆರಾಮಾಗಿ ಬೆಳೆಯುತ್ತೆ, ಕಾಮಾಲೆ ಇಲ್ಲ, ಜ್ವರ ಇಲ್ಲ, ಇಪ್ಪತ್ತು ಮೂವತ್ತು ವರ್ಷ ಏನೂ ಗೊತ್ತೇ ಆಗಲ್ಲ, ಅಷ್ಟೊತ್ತಿಗೆ ಅದಕ್ಕೂ ಮಕ್ಕಳಾಗಿರುತ್ತೆ. ದಡಾರದಂಥ ವೈರಸ್ ಉಳೀಬೇಕು ಅಂದ್ರೆ ಲಕ್ಷಗಟ್ಟಲೆ ಜನ ಒಟ್ಟಿಗಿರೋ ಊರು ಬೇಕು, ಒಂದು ಚಿಕ್ಕ ಗುಂಪಿಗೆ ಬಂದ್ರೆ ಎಲ್ಲರಿಗೂ ಬಂದುಹೋಗಿ ಅಲ್ಲೇ ಮುಗೀತು. ಹೆಪಟೈಟಿಸ್ ಬಿಗೆ ಊರೇ ಬೇಡ. ಬೇಟೆಗಾರರ ಒಂದು ಚಿಕ್ಕ ತಂಡ ಸಾಕು, ತಲೆಮಾರಿಂದ ತಲೆಮಾರಿಗೆ ಆರಾಮಾಗಿ ದಾಟ್ಕೊಂಡು ಬರುತ್ತೆ. ಜನ ಎಲ್ಲಿಗೆ ಗುಳೆ ಹೋದ್ರೋ ಅಲ್ಲಿಗೆ ಇದೂ ಹೋಯ್ತು.

ಹಾಗಾಗಿ ಪ್ರಪಂಚದ ಮ್ಯಾಪ್ ಮೇಲೆ ಈ ವೈರಸ್ಸಿನ ತಳಿಗಳನ್ನ ಗುರುತು ಹಾಕಿದ್ರೆ ಅದು ಜನರ ವಲಸೆಯ ಮ್ಯಾಪ್ ಥರಾನೇ ಕಾಣುತ್ತೆ. ಈ ತಳಿಗಳಿಗೆ ಜೀನೋಟೈಪ್ ಅಂತಾರೆ, ಇಡೀ ಜೀನೋಮ್‌ನಲ್ಲಿ, ಅಂದ್ರೆ ವೈರಸ್ಸಿನ ಪೂರ್ತಿ ಆನುವಂಶಿಕ ಬರಹದಲ್ಲಿ, ಸುಮಾರು 8% ವ್ಯತ್ಯಾಸ ಬಂದ್ರೆ ಬೇರೆ ಜೀನೋಟೈಪ್ ಅಂತ ಲೆಕ್ಕ, ಎ ಇಂದ ಜೆ ವರೆಗೆ ಹತ್ತು ಹೆಸರಿವೆ. ಎ ಯೂರೋಪ್, ಆಫ್ರಿಕಾದಲ್ಲಿ ಜಾಸ್ತಿ. ಬಿ ಮತ್ತು ಸಿ ಚೀನಾ, ಜಪಾನ್, ಆಗ್ನೇಯ ಏಷ್ಯಾ ಕಡೆ. ಡಿ ಮೆಡಿಟರೇನಿಯನ್‌ನಿಂದ ಹಿಡಿದು ಮಧ್ಯಪ್ರಾಚ್ಯ ದಾಟಿ ನಮ್ಮ ದೇಶದವರೆಗೆ. ಇ ಪಶ್ಚಿಮ ಆಫ್ರಿಕಾ. ಎಫ್ ಮತ್ತು ಎಚ್ ಅಮೆರಿಕಾ ಖಂಡಗಳ ಮೂಲನಿವಾಸಿಗಳಲ್ಲಿ. ಜೆ ಅನ್ನೋದು ಇನ್ನೂ ವಿಚಿತ್ರ, ಅದು ಸಿಕ್ಕಿದ್ದು ಒಬ್ಬ ವಯಸ್ಸಾದ ಜಪಾನೀ ರೋಗಿಯಲ್ಲಿ, ಅವರು ಎರಡನೇ ಮಹಾಯುದ್ಧದ ಟೈಮಲ್ಲಿ ಬೋರ್ನಿಯೋದಲ್ಲಿ ಇದ್ದವರು, ಅದರ ಜೀನೋಮ್‌ನ ಒಂದು ಭಾಗ ಗಿಬ್ಬನ್ ಅನ್ನೋ ವಾನರಗಳ ವೈರಸ್ಸಿಗೆ ಹತ್ತಿರ. ಜಿ ಬಗ್ಗೆ ಆಮೇಲೆ ಹೇಳ್ತೀನಿ, ಅದರದ್ದು ದೊಡ್ಡ ಕಥೆ.

ನಮ್ಮ ದೇಶದ ಮಟ್ಟಿಗೆ ಡಿ ಎಲ್ಲಕ್ಕಿಂತ ಜಾಸ್ತಿ, ಆಮೇಲೆ ಎ, ಪೂರ್ವದ ಕಡೆ ಹೋದ ಹಾಗೆ ಸಿ ಸಿಗುತ್ತೆ. ಇಲ್ಲಿ ಸಿಗೋ ಎ1 ಅನ್ನೋ ಉಪತಳಿ ಪೂರ್ವ ಆಫ್ರಿಕಾದ ಎ1ಗೆ ತುಂಬಾ ಹತ್ತಿರ, ಅರಬ್ಬೀ ಸಮುದ್ರದ ಹಡಗು ವ್ಯಾಪಾರ, ಗುಲಾಮರ ಸಾಗಾಟದ ಜೊತೆ ಅದು ದಾಟಿರಬೇಕು ಅಂತ ಸಂಶೋಧಕರು ಹೇಳ್ತಾರೆ. ಅಂಡಮಾನ್‌ನ ಜರಾವಾ ಜನರಲ್ಲಿ ಸಿ ಸಿಕ್ಕಿದೆ, ಅಲ್ಲೇ ಪಕ್ಕದ ನಿಕೋಬಾರಿಗಳಲ್ಲಿ ಡಿ. ಅರುಣಾಚಲದ "ಇದು ಮಿಶ್ಮಿ" ಅನ್ನೋ ಹೆಸರಿನ ಬುಡಕಟ್ಟಿನಲ್ಲಿ ಐ ಅನ್ನೋ ಜೀನೋಟೈಪ್ ಇದೆ, ಅದು ವಿಯೆಟ್ನಾಂ, ಲಾವೋಸ್ ಕಡೆ ಸಿಗೋದು, ಅಂದ್ರೆ ಬಾರ್ಡರ್ ಗೆರೆಗಳೆಲ್ಲ ಹುಟ್ಟೋದಕ್ಕೆ ಎಷ್ಟೋ ಮೊದಲಿನ ಬೆಟ್ಟದ ದಾರಿಗಳ ಗುರುತು ಅದು.

ಆದ್ರೆ ಮ್ಯಾಪ್ ನೋಡಿ ಸಲೀಸಾಗಿ ಕಥೆ ಕಟ್ಟೋಕೆ ಹೋದ್ರೆ ಎಡವಟ್ಟಾಗುತ್ತೆ, ಅದಕ್ಕೆ ಜೀನೋಟೈಪ್ ಇ ಒಳ್ಳೇ ಉದಾಹರಣೆ. ಇವತ್ತು ಸೆನೆಗಲ್‌ನಿಂದ ಅಂಗೋಲಾದವರೆಗೂ ಅದೇ ತುಂಬಿಕೊಂಡಿದೆ. ಇದೇ ಕರಾವಳಿಯಿಂದ 16ನೇ ಶತಮಾನದಿಂದ 19ನೇ ಶತಮಾನದವರೆಗೆ ಒಂದು ಕೋಟಿಗೂ ಮೇಲೆ ಜನರನ್ನ ಸರಪಳಿ ಹಾಕಿ ಅಟ್ಲಾಂಟಿಕ್ ಆಚೆ ಸಾಗಿಸಿದ್ರು. ಹಾಗಿದ್ರೆ ಅವರ ವಂಶಸ್ಥರಲ್ಲಿ ಇ ತುಂಬಾ ಇರಬೇಕಿತ್ತು ಅಲ್ವಾ? ಇಲ್ಲ. ಹೈಟಿಯಲ್ಲಿ ನೋಡಿದ್ರೆ ಎ ಜಾಸ್ತಿ, ಸ್ವಲ್ಪ ಡಿ, ಇ ಅನ್ನೋದು ತೀರಾ ಅಪರೂಪ. ಇನ್ನೊಂದು ಸುಳಿವು, ಅಷ್ಟು ದೊಡ್ಡ ಪ್ರದೇಶದಲ್ಲಿ ಹರಡಿದ್ರೂ ಇ ಒಳಗಿನ ವೈವಿಧ್ಯ 2% ಆಸುಪಾಸು ಅಷ್ಟೇ, ಎಲ್ಲಾ ಒಂದೇ ಮನೆಯವರ ಹಾಗಿವೆ. ಎರಡನ್ನೂ ಸೇರಿಸಿ ನೋಡಿದ್ರೆ ಇ ಹರಡಿದ್ದು ಇತ್ತೀಚೆಗೆ, ಹಡಗುಗಳು ಹೋದ ಮೇಲೆ, ಬಹುಶಃ ಕಳೆದ ಇನ್ನೂರು ವರ್ಷದೊಳಗೆ. 20ನೇ ಶತಮಾನದಲ್ಲಿ ಒಂದೇ ಸೂಜಿಯನ್ನ ಸರಿಯಾಗಿ ಕುದಿಸದೆ ಸಾಲು ಸಾಲು ಜನಕ್ಕೆ ಚುಚ್ಚಿದ ಕ್ಯಾಂಪುಗಳು ಇದಕ್ಕೆ ಕಾರಣ ಇರಬಹುದು ಅನ್ನೋ ವಾದ ಇದೆ. ಗುಲಾಮರ ಜೊತೆ ಹೋಗಿದ್ದು ಆಗ ಅಲ್ಲಿದ್ದ ಬೇರೆ ತಳಿಗಳು, ಹೈಟಿ ಇವತ್ತಿಗೂ ಆ ಹಳೇ ಆಫ್ರಿಕಾದ ಗುರುತನ್ನ ಇಟ್ಕೊಂಡಿದೆ, ಆಫ್ರಿಕಾದಲ್ಲೇ ಅದು ಬದಲಾಗಿಹೋಗಿದೆ. ಇವತ್ತು ಒಂದು ತಳಿ ಎಲ್ಲಿ ಜಾಸ್ತಿ ಇದೆಯೋ ಅದೇ ಅದರ ತವರು ಅಂತ ಹೇಳೋಕೆ ಆಗಲ್ಲ, ಈ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತೆ.

ಸರಿ, ವಯಸ್ಸು ಎಷ್ಟು? ಇಲ್ಲೇ ದಶಕಗಟ್ಟಲೆ ಜಗಳ ನಡೆದಿದ್ದು. ವೈರಸ್ಸಿನ ವಯಸ್ಸು ಹೇಳೋ ಮಾಮೂಲಿ ವಿಧಾನ ಅಂದ್ರೆ ವರ್ಷಕ್ಕೆ ಎಷ್ಟು ಮ್ಯುಟೇಷನ್, ಅಂದ್ರೆ ಜೀನೋಮ್‌ನಲ್ಲಿ ಬದಲಾವಣೆ, ಆಗುತ್ತೆ ಅಂತ ಇವತ್ತಿನ ರೋಗಿಗಳಲ್ಲಿ ಅಳೆಯೋದು, ಆಮೇಲೆ ಎರಡು ತಳಿಗಳ ಮಧ್ಯೆ ಇರೋ ವ್ಯತ್ಯಾಸವನ್ನ ಆ ಸ್ಪೀಡಿಂದ ಭಾಗಿಸೋದು. ಆ ಲೆಕ್ಕದಲ್ಲಿ ಕೆಲವರಿಗೆ ಬಂದ ಉತ್ತರ ಬರೀ 3,000 ವರ್ಷ. ಅದು ನಿಜ ಆದ್ರೆ ಹದಿನೈದು ಸಾವಿರ ವರ್ಷಕ್ಕೂ ಹಿಂದೆಯೇ ಅಮೆರಿಕಾ ಸೇರಿದ ಜನರಲ್ಲಿ ಅವರದ್ದೇ ಆದ ಎಫ್, ಎಚ್ ಹೇಗೆ ಬಂತು? ಆಸ್ಟ್ರೇಲಿಯಾದ ಉತ್ತರ ಭಾಗದ ಮೂಲನಿವಾಸಿಗಳಲ್ಲಿ ಬೇರೆಲ್ಲೂ ಇಲ್ಲದ ಸಿ4 ಹೇಗೆ ಬಂತು? ಇನ್ನೊಂದು ಗುಂಪು ಉಲ್ಟಾ ದಾರಿ ಹಿಡೀತು, ಜನರ ವಲಸೆಯ ತಾರೀಖುಗಳನ್ನೇ ಆಧಾರ ಮಾಡ್ಕೊಂಡು 30,000 ವರ್ಷಕ್ಕೂ ಮೇಲೆ ಅಂದ್ರು. ಹತ್ತು ಪಟ್ಟು ವ್ಯತ್ಯಾಸ!

ಈ ಜಗಳ ಅರ್ಥ ಆಗಬೇಕು ಅಂದ್ರೆ ವೈರಸ್ಸಿನ ಒಳಗೆ ಸ್ವಲ್ಪ ಇಣುಕಬೇಕು. ಇದರ ಜೀನೋಮ್ ಸುಮಾರು 3,200 ಅಕ್ಷರದ ಒಂದು ಡಿಎನ್‌ಎ ಉಂಗುರ, ಮನುಷ್ಯರನ್ನ ಕಾಡೋ ವೈರಸ್‌ಗಳಲ್ಲೇ ತೀರಾ ಚಿಕ್ಕವುಗಳಲ್ಲಿ ಒಂದು, ಇರೋದು ನಾಲ್ಕೇ ನಾಲ್ಕು ಜೀನ್. ಇಷ್ಟು ಚಿಕ್ಕ ಜಾಗದಲ್ಲಿ ನಾಲ್ಕನ್ನ ತುಂಬಿಸೋಕೆ ಒಂದರ ಮೇಲೊಂದು ಹಾಸಿದೆ, ಒಂದೇ ಅಕ್ಷರ ಎರಡು ಜೀನ್‌ಗಳಲ್ಲಿ ಓದಿಸಿಕೊಳ್ಳುತ್ತೆ. ಪೇಪರ್‌ನಲ್ಲಿ ಬರೋ ಪದಬಂಧ ನೆನಪಿಸ್ಕೊಳ್ಳಿ, ಅಡ್ಡ ಸಾಲಿನ ಒಂದು ಅಕ್ಷರ ಬದಲಾಯಿಸಿದ್ರೆ ಮೇಲಿಂದ ಕೆಳಗೆ ಬರೋ ಪದವೂ ಕೆಟ್ಟುಹೋಗುತ್ತೆ, ಹಾಗೇ ಇದು. ಕಾಪಿ ಮಾಡೋವಾಗ ತಪ್ಪುಗಳು ಬೇಕಾದಷ್ಟು ಆಗುತ್ತೆ, ಯಾಕಂದ್ರೆ ಇದು ಮೊದಲು ಆರ್‌ಎನ್‌ಎ ಮಾಡಿ ಅದರಿಂದ ವಾಪಸ್ ಡಿಎನ್‌ಎ ಬರ್ಕೊಳ್ಳುತ್ತೆ, ತಿದ್ದೋ ವ್ಯವಸ್ಥೆ ಇಲ್ಲ. ಆದ್ರೆ ಆದ ತಪ್ಪುಗಳಲ್ಲಿ ಹೆಚ್ಚಿನವು ಬಾಳಲ್ಲ.

ಇನ್ನೊಂದು ಸೂಕ್ಷ್ಮ ಇದೆ, ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಇಷ್ಟ ಆಗಿದ್ದು ಇದೇ. ಒಬ್ಬ ಮನುಷ್ಯನೊಳಗೆ ವೈರಸ್ ಎಲ್ಲಾ ವಯಸ್ಸಲ್ಲೂ ಒಂದೇ ಥರ ಬದಲಾಗಲ್ಲ. ಮೊದಲ ಕೆಲವು ದಶಕ ದೇಹದ ರೋಗನಿರೋಧಕ ವ್ಯವಸ್ಥೆ ಅದರ ತಂಟೆಗೆ ಹೋಗಲ್ಲ, ವೈರಸ್ ಸಿಕ್ಕಾಪಟ್ಟೆ ಇರುತ್ತೆ ಆದ್ರೆ ಬದಲಾವಣೆ ಕಮ್ಮಿ. ನಡುವಯಸ್ಸಿನ ಹತ್ರ ದೇಹ ಎಚ್ಚೆತ್ತು ಫೈಟ್ ಶುರು ಮಾಡಿದಾಗ ವೈರಸ್ ತಪ್ಪಿಸ್ಕೊಳ್ಳೋಕೆ ಚಕಚಕ ಬದಲಾಗುತ್ತೆ. ಈಗ ಯೋಚನೆ ಮಾಡಿ, ಹೆರಿಗೆ ಆಗೋದು ಯಾವ ವಯಸ್ಸಲ್ಲಿ? ಮೊದಲನೇ ಹಂತದಲ್ಲಿ. ಅಂದ್ರೆ ಮಗುಗೆ ಹೋಗೋದು ಹೆಚ್ಚುಕಮ್ಮಿ ಅಮ್ಮನಿಗೆ ಬಂದಿದ್ದ ಹಾಗೇ ಇರೋ ವೈರಸ್, ಆಮೇಲೆ ಅವಳಲ್ಲಿ ಆಗೋ ಬದಲಾವಣೆಗಳೆಲ್ಲ ಅವಳ ಜೊತೆಗೇ ಮುಗಿದುಹೋಗುತ್ತೆ. ಹಾಗಾಗಿ ಒಬ್ಬ ರೋಗಿಯಲ್ಲಿ ಐದು ಹತ್ತು ವರ್ಷ ಅಳೆದ್ರೆ ಗಡಿಯಾರ ಜೋರಾಗಿ ಓಡುತ್ತೆ, ಸಾವಿರಾರು ವರ್ಷದ ಮೇಲೆ ಅಳೆದ್ರೆ ತುಂಬಾ ನಿಧಾನ. ಎರಡು ಗುಂಪಿನವರ ಅಳತೆಯೂ ಅವರವರ ಮಟ್ಟಿಗೆ ಸುಳ್ಳಲ್ಲ, ಆದ್ರೆ ಇವತ್ತಿನ ಸ್ಯಾಂಪಲ್ ಇಟ್ಕೊಂಡು ಹಳೇ ಕಾಲದ ವೇಗ ಹೇಳೋಕೆ ಆಗಲ್ಲ, ಅದಕ್ಕೆ ಹಳೇ ಕಾಲದ ವೈರಸ್ಸೇ ಬೇಕು.

ಅದು ಸಿಗೋಕೆ ಶುರುವಾಗಿದ್ದು ಮಮ್ಮಿಗಳಿಂದ. ಕೊರಿಯಾದಲ್ಲಿ 16ನೇ ಶತಮಾನದ ಒಂದು ಮಗುವಿನ ಮಮ್ಮಿ ಸಿಕ್ಕಿತ್ತು, ಅದರ ಲಿವರ್‌ನ ಒಂದು ಚೂರಲ್ಲಿ ಜೀನೋಟೈಪ್ ಸಿ ಇತ್ತು, 2012ರಲ್ಲಿ ಆ ಸಂಶೋಧನೆ ಪ್ರಕಟ ಆಯ್ತು. ಇಟಲಿಯ ನೇಪಲ್ಸ್‌ನಲ್ಲಿ ಸಾನ್ ದೊಮೆನಿಕೊ ಮಾಜೋರೆ ಅನ್ನೋ ಚರ್ಚ್ ಇದೆ, ಅಲ್ಲಿ ಅದೇ ಶತಮಾನದ, ಸುಮಾರು ಎರಡು ವರ್ಷದ ಮಗುವಿನ ಮಮ್ಮಿ. ಮೈಮೇಲೆ ಗುಳ್ಳೆಗಳ ಗುರುತು ನೋಡಿ ಮೊದಲು ಸಿಡುಬು ಅಂದಿದ್ರು, ಸಿಡುಬಿನ ಅತಿ ಹಳೇ ಸಾಕ್ಷಿಗಳಲ್ಲಿ ಇದೂ ಒಂದು ಅಂತ ಎಲ್ಲರೂ ಉದಾಹರಣೆ ಕೊಡ್ತಿದ್ರು. 2018ರಲ್ಲಿ ಡಿಎನ್‌ಎ ತೆಗೆದು ನೋಡಿದ್ರೆ ಸಿಡುಬಿನ ಸುಳಿವೇ ಇಲ್ಲ, ಇದ್ದಿದ್ದು ಹೆಪಟೈಟಿಸ್ ಬಿ, ಜೀನೋಟೈಪ್ ಡಿ. ಚಿಕ್ಕ ಮಕ್ಕಳಲ್ಲಿ ಈ ವೈರಸ್‌ನಿಂದ ಮುಖ, ಕೈಕಾಲುಗಳ ಮೇಲೆ ಗುಳ್ಳೆ ಏಳೋದುಂಟು, ಆ ಗುರುತು ಅದೇ ಇರಬಹುದು. ಇನ್ನೂ ಆಶ್ಚರ್ಯ ಅಂದ್ರೆ ನಾನೂರೈವತ್ತು ವರ್ಷದ ಹಿಂದಿನ ಆ ವೈರಸ್ ಇವತ್ತಿನ ಡಿ ಪಕ್ಕ ಇಟ್ರೆ ಬೇರೆ ಅಂತ ಗುರುತಿಸೋದೇ ಕಷ್ಟ, ಅಷ್ಟು ಕಮ್ಮಿ ಬದಲಾಗಿತ್ತು. ಲ್ಯಾಬ್‌ನಲ್ಲಿ ಇವತ್ತಿನ ವೈರಸ್ಸೇ ಬೆರೆತುಹೋಯ್ತಾ ಅಂತ ಅನುಮಾನ ಬರೋದು ಸಹಜ, ಆದ್ರೆ ಹಳೇ ಡಿಎನ್‌ಎ ತುಂಡುಗಳ ತುದಿಗಳಲ್ಲಿ ಕಾಲ ಕಳೆದ ಹಾಗೆ ಒಂದು ಥರದ ರಾಸಾಯನಿಕ ಸವೆತ ಆಗಿರುತ್ತೆ, ಡಿಎನ್‌ಎ ಬರಹದ ಸಿ ಅಕ್ಷರ ಟಿ ಥರ ಓದಿಸಿಕೊಳ್ಳುತ್ತೆ, ಆ ಸವೆತ ಮಮ್ಮಿಯ ಡಿಎನ್‌ಎಯಲ್ಲಿ ಸ್ಪಷ್ಟವಾಗಿ ಇತ್ತು.

ಆದ್ರೆ ನಿಜವಾದ ಖಜಾನೆ ಇದ್ದಿದ್ದು ಹಲ್ಲುಗಳಲ್ಲಿ. ಹಲ್ಲಿನ ಒಳಗಡೆ ರಕ್ತನಾಳ ಬರುತ್ತೆ, ಮನುಷ್ಯ ಸತ್ತಾಗ ಆ ರಕ್ತ ಅಲ್ಲೇ ಒಣಗುತ್ತೆ, ಹೊರಗಡೆಯ ಗಟ್ಟಿ ಕವಚ ಅದನ್ನ ಕಾಪಾಡುತ್ತೆ. ಹೆಪಟೈಟಿಸ್ ಬಿ ಜೋರಾಗಿರೋ ಒಬ್ಬರ ಒಂದು ಎಂಎಲ್ ರಕ್ತದಲ್ಲಿ ನೂರು ಕೋಟಿ ವೈರಸ್ ಇರಬಹುದು, ಜೊತೆಗೆ ಇದು ಡಿಎನ್‌ಎ ವೈರಸ್, ಹೆಪಟೈಟಿಸ್ ಸಿ ಥರ ಬೇಗ ಹಾಳಾಗೋ ಆರ್‌ಎನ್‌ಎ ಅಲ್ಲ. ಧೂಳು ಇಲ್ಲದ ಕ್ಲೀನ್ ರೂಮ್‌ನಲ್ಲಿ ಮೈಪೂರ್ತಿ ಸೂಟ್ ಹಾಕ್ಕೊಂಡು, ಹಲ್ಲನ್ನ ಕತ್ತರಿಸಿ, ಒಳಗಿಂದ ಚಿಟಿಕೆಯಷ್ಟು ಪುಡಿ ಕೊರೆದು ತೆಗೀತಾರೆ, ಅದರಲ್ಲಿ ಸಿಗೋ ಡಿಎನ್‌ಎ ತುಂಡುಗಳು ನೂರು ಅಕ್ಷರ ಕೂಡ ಇರಲ್ಲ, ಅಂಥ ಕೋಟ್ಯಂತರ ತುಂಡುಗಳನ್ನ ಓದಿ ಕಂಪ್ಯೂಟರ್‌ನಲ್ಲಿ ಜೋಡಿಸಬೇಕು. ಮೊದಮೊದಲು ಹೀಗೆ ಓದಿದ್ದು ಆ ಕಾಲದ ಜನರ ವಂಶ ತಿಳ್ಕೊಳ್ಳೋಕೆ. ಆಮೇಲೆ ಅದೇ ರಾಶಿಯಲ್ಲಿ ವೈರಸ್ ಏನಾದ್ರೂ ಇದೆಯಾ ಅಂತ ಹುಡುಕಿದಾಗ ಇದು ಸಿಕ್ತು.

2018ರಲ್ಲಿ ಎರಡು ದೊಡ್ಡ ಪೇಪರ್ ಒಟ್ಟೊಟ್ಟಿಗೆ ಬಂತು. ಬಾರ್ಬರಾ ಮ್ಯೂಲೆಮಾನ್ ಮತ್ತು ಜೊತೆಯವರು 800 ರಿಂದ 4,500 ವರ್ಷ ಹಳೇದಾದ 12 ವೈರಸ್ ಜೀನೋಮ್ ಓದಿದ್ರು, ಇನ್ನೊಂದು ತಂಡ ಜರ್ಮನಿಯಲ್ಲಿ ಸುಮಾರು 7,000 ವರ್ಷದ ಹಿಂದಿನ ಒಬ್ಬ ರೈತನ ಹಲ್ಲಿನಿಂದ ಒಂದು ಜೀನೋಮ್ ತೆಗೀತು. ದೀರ್ಘಕಾಲದ ನಿಜವಾದ ಸ್ಪೀಡ್ ಆಗ ಗೊತ್ತಾಯ್ತು: ಒಂದು ಅಕ್ಷರಕ್ಕೆ ಲಕ್ಷ ವರ್ಷಕ್ಕೊಮ್ಮೆ ಬದಲಾವಣೆ ಅನ್ನೋ ಲೆಕ್ಕ, ಅಂದ್ರೆ ಇಡೀ 3,200 ಅಕ್ಷರದಲ್ಲಿ ಸುಮಾರು ಮೂವತ್ತು ವರ್ಷಕ್ಕೆ ಒಂದೇ ಒಂದು. ತಲೆಮಾರಿಗೊಂದು ಅಕ್ಷರ ಅಂದ್ಕೋಬಹುದು.

2021ರಲ್ಲಿ ಆರ್ಥರ್ ಕೋಚರ್ ಮತ್ತು ಸಂಗಡಿಗರು ಯೂರೋಪ್, ಏಷ್ಯಾ, ಅಮೆರಿಕಾದ 137 ಜನರ ಅವಶೇಷಗಳಿಂದ ವೈರಸ್ ಮಾಹಿತಿ ಕೊಟ್ರು, ಅದರಲ್ಲಿ ಅತಿ ಹಳೇದು ಸುಮಾರು 10,500 ವರ್ಷ. ಅವರ ಪ್ರಕಾರ ಈಗ ಗೊತ್ತಿರೋ ಎಲ್ಲಾ ತಳಿಗಳಿಗೂ ಒಂದೇ ಪೂರ್ವಜ ಇದ್ದಿದ್ದು 20,000 ದಿಂದ 12,000 ವರ್ಷದ ಹಿಂದೆ. ಯೂರೋಪಿನ ಬೇಟೆಗಾರರಲ್ಲೂ, ದಕ್ಷಿಣ ಅಮೆರಿಕಾದ ಬೇಟೆಗಾರರಲ್ಲೂ ಆಗಲೇ ಇದು ಇತ್ತು, ಹಾಗಾಗಿ ಕೊಲಂಬಸ್ ಕಡೆಯವರು ತಂದ್ರು ಅನ್ನೋ ಪ್ರಶ್ನೆಯೇ ಇಲ್ಲ, ಮೊದಲ ಅಮೆರಿಕನ್ನರ ಜೊತೆಗೇ ಅದು ಆ ಖಂಡಕ್ಕೆ ಕಾಲಿಟ್ಟಿತ್ತು. ಯೂರೋಪಿನ ಕಥೆ ಇನ್ನೂ ರೋಚಕ. ಅನಟೋಲಿಯಾ, ಅಂದ್ರೆ ಇವತ್ತಿನ ಟರ್ಕಿ ಕಡೆಯಿಂದ ವ್ಯವಸಾಯ ಹೊತ್ಕೊಂಡು ರೈತರು ಬಂದಾಗ ಅವರ ವೈರಸ್ಸೂ ಬಂತು, ಬೇಟೆಗಾರರ ಹಳೇ ತಳಿಗಳನ್ನ ತಳ್ಳಿ ಸುಮಾರು 4,000 ವರ್ಷ ಪಶ್ಚಿಮ ಯೂರೇಷಿಯಾ ತುಂಬಾ ಅದೇ ಇತ್ತು. ಮಧ್ಯದಲ್ಲಿ ಪೂರ್ವದ ಹುಲ್ಲುಗಾವಲು ಪ್ರದೇಶದ ಜನ ಬಂದು ಯೂರೋಪಿನ ಮನುಷ್ಯರ ವಂಶವೇ ದೊಡ್ಡ ಮಟ್ಟದಲ್ಲಿ ಬದಲಾಯ್ತು, ಆದ್ರೂ ಆ ರೈತರ ವೈರಸ್ ಅಲ್ಲಾಡ್ಲಿಲ್ಲ. ಅಂದ್ರೆ ಜನರ ಜೊತೆಗೇ ವೈರಸ್ ಬದಲಾಗುತ್ತೆ ಅನ್ನೋದು ಯಾವಾಗಲೂ ನಿಜ ಅಲ್ಲ, ಬಂದವರು ಇದ್ದವರ ವೈರಸ್ ಹಿಡ್ಕೊಳ್ಳೋದೂ ಉಂಟು. ಆಮೇಲೆ ಕ್ರಿ.ಪೂ. ಎರಡನೇ ಸಹಸ್ರಮಾನದ ಕೊನೆಯಲ್ಲಿ, ಕಂಚಿನ ಯುಗದ ದೊಡ್ಡ ರಾಜ್ಯಗಳು ಕುಸಿದ ಹೊತ್ತಿಗೆ, ಆ ತಳಿ ಕಮ್ಮಿ ಆಗ್ತಾ ಆಗ್ತಾ ಕಾಣೆಯಾಯ್ತು, ಅದರ ಜಾಗಕ್ಕೆ ಇವತ್ತಿನ ಎ ಮತ್ತು ಡಿ ಬಂದವು. ಎ ಆಫ್ರಿಕಾದ್ದೇ ಅಂತ ಮೊದಲು ಸಂಶೋಧಕರು ಅಂದ್ಕೊಂಡಿದ್ರು, ಆದ್ರೆ ಅದರ ಹಳೇ ಸಂಬಂಧಿಗಳು ಯೂರೇಷಿಯಾದ ಹಲ್ಲುಗಳಲ್ಲಿ ಸಿಕ್ಕಿವೆ. ಇವತ್ತು ಜಾಸ್ತಿ ಇರೋ ಜಾಗವೇ ತವರಲ್ಲ ಅಂದಿದ್ದು ಇದಕ್ಕೇ.

ಆ ಕಾಣೆಯಾದ ವಂಶದ ಒಂದೇ ಒಂದು ಕುಡಿ ಉಳಿದಿದೆ, ಅದೇ ಜೀನೋಟೈಪ್ ಜಿ. 2000ನೇ ಇಸವಿಯಲ್ಲಿ ಫ್ರಾನ್ಸ್ ಮತ್ತು ಅಮೆರಿಕಾದ ರೋಗಿಗಳಲ್ಲಿ ಇದನ್ನ ಮೊದಲು ಗುರುತಿಸಿದ್ರು. ಇದು ಇ ಆಂಟಿಜೆನ್ ಅನ್ನೋ ಪ್ರೋಟೀನ್ (ಜೀನೋಟೈಪ್ ಇಗೂ ಈ ಹೆಸರಿಗೂ ಸಂಬಂಧ ಇಲ್ಲ) ಮಾಡಲ್ಲ, ಸಾಮಾನ್ಯವಾಗಿ ಒಂಟಿಯಾಗಿ ಇರಲ್ಲ, ಎ ಥರದ ಇನ್ನೊಂದು ತಳಿ ಅದೇ ದೇಹದಲ್ಲಿ ಇದ್ದಾಗ ಬೆಳೆಯುತ್ತೆ. ಸಾವಿರಾರು ವರ್ಷ ಎಲ್ಲೋ ಯಾರ ಕಣ್ಣಿಗೂ ಬೀಳದ ಹಾಗೆ ಉಳಿದು, ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದ ಜನರಲ್ಲಿ ಅದಕ್ಕೆ ಮತ್ತೆ ದಾರಿ ಸಿಕ್ತು ಅಂತ ಕೋಚರ್ ತಂಡ ಹೇಳುತ್ತೆ. ನವಶಿಲಾಯುಗದ ರೈತರ ವೈರಸ್ 20ನೇ ಶತಮಾನದ ಕೊನೆಯಲ್ಲಿ ಹೀಗೆ ಎದ್ದು ಬಂತು ಅಂದ್ರೆ ಮೈ ಜುಮ್ಮನ್ನುತ್ತೆ.

ಒಂದು ತಪ್ಪು ತಿಳುವಳಿಕೆ ಇಲ್ಲಿ ತುಂಬಾ ಜನಕ್ಕೆ ಆಗುತ್ತೆ. 20,000 ವರ್ಷ ಅಂದ್ರೆ ವೈರಸ್ ಆಗ ಹುಟ್ಟಿತು ಅಂತ ಅಲ್ಲ. ಇವತ್ತಿನವರೆಗೆ ಕುರುಹು ಉಳಿದಿರೋ ಕವಲುಗಳೆಲ್ಲ ಸೇರೋ ಜಾಗ ಅದು, ಅದಕ್ಕೂ ಮುಂಚೆ ಇದ್ದು ನಿರ್ವಂಶ ಆದವು ಎಷ್ಟೋ ಇರಬಹುದು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್‌ಗಳಲ್ಲೂ ಇದೇ ವೈರಸ್ಸಿನ ತಳಿಗಳಿವೆ, ಅವು ಮನುಷ್ಯರ ತಳಿಗಳ ನಡುವೆಯೇ ಕವಲೊಡೆದಿವೆ, ಆಫ್ರಿಕಾದವು ಒಂದು ಕಡೆ ಏಷ್ಯಾದವು ಇನ್ನೊಂದು ಕಡೆ, ಅಂದ್ರೆ ನಮಗೂ ಅವಕ್ಕೂ ನಡುವೆ ವೈರಸ್ ದಾಟಾಟ ನಡೆದಿದೆ.

ಇನ್ನೂ ಹಿಂದಕ್ಕೆ ಹೋದ್ರೆ ಮನುಷ್ಯರೇ ಇಲ್ಲ. 1978ರಲ್ಲಿ ಅಮೆರಿಕಾದ ವುಡ್‌ಚಕ್ ಅನ್ನೋ ದಪ್ಪ ಅಳಿಲಿನ ಜಾತಿಯ ಪ್ರಾಣಿಯಲ್ಲಿ, 1980ರಲ್ಲಿ ಬಾತುಕೋಳಿಯಲ್ಲಿ, 2013ರಲ್ಲಿ ಬಾವಲಿಗಳಲ್ಲಿ ಇದೇ ಕುಟುಂಬದ ವೈರಸ್‌ಗಳು ವರದಿಯಾದವು. ಪಕ್ಷಿಗಳ ಡಿಎನ್‌ಎ ಒಳಗೇ ಈ ವೈರಸ್‌ಗಳ ತುಂಡುಗಳು ಸೇರ್ಕೊಂಡು ಹುದುಗಿಹೋಗಿವೆ, ಅವುಗಳಲ್ಲಿ ಕೆಲವು 8 ಕೋಟಿ ವರ್ಷಕ್ಕೂ ಹಳೇವು, ಡೈನೋಸಾರ್‌ಗಳು ಇನ್ನೂ ಓಡಾಡ್ತಿದ್ದ ಕಾಲ. 2017ರಲ್ಲಿ ಮೀನುಗಳಲ್ಲಿ ಇದರ ದೂರದ ನೆಂಟರು ಸಿಕ್ರು, ಅವಕ್ಕೆ ಹೊರಗಿನ ಪೊರೆಯೇ ಇಲ್ಲ, 40 ಕೋಟಿ ವರ್ಷಕ್ಕೂ ಹಿಂದೆ ಬೇರೆಯಾದ ಕವಲು ಅದು. ಮೀನಿನ ಆ ವೈರಸ್ಸನ್ನೂ ನಮ್ಮ ವೈರಸ್ಸನ್ನೂ ಹೋಲಿಸಿದಾಗ ಒಂದು ಸ್ವಾರಸ್ಯ ಗೊತ್ತಾಯ್ತು. ನಮ್ಮ ಕಡೆಯ ಕವಲಿನಲ್ಲಿ, ಕಾಪಿ ಮಾಡೋ ಎಂಜೈಮ್‌ನ ಜೀನ್ ಮೇಲೆಯೇ, ಅದೇ ಅಕ್ಷರಗಳನ್ನ ಬೇರೆ ಥರ ಓದಿ ಹೊರಪೊರೆಯ ಜೀನ್ ಹೊಸದಾಗಿ ಹುಟ್ಟಿಕೊಂಡಿದೆ.

ಆ ಹೊರಪೊರೆಯ ಪ್ರೋಟೀನ್ ಸೋಂಕಾದವರ ರಕ್ತದಲ್ಲಿ ಸಿಕ್ಕಾಪಟ್ಟೆ ತೇಲಾಡ್ತಿರುತ್ತೆ. ಅಮೆರಿಕಾದ ವಿಜ್ಞಾನಿ ಬರೂಕ್ ಬ್ಲಂಬರ್ಗ್ 1960ರ ದಶಕದಲ್ಲಿ ಒಬ್ಬ ಆಸ್ಟ್ರೇಲಿಯಾ ಮೂಲನಿವಾಸಿಯ ರಕ್ತದಲ್ಲಿ ಕಂಡುಹಿಡಿದಿದ್ದು ಇದನ್ನೇ, 1976ರಲ್ಲಿ ಅವರಿಗೆ ನೊಬೆಲ್ ಬಂತು. ಲಸಿಕೆಯಲ್ಲಿ ವೈರಸ್ಸಿನದ್ದು ಅಂತ ಇರೋದು ಇದೇ ಪ್ರೋಟೀನ್ ಮಾತ್ರ. ಎರಡು ಜೀನ್ ಒಂದರ ಮೇಲೊಂದು ಕೂತಿರೋದ್ರಿಂದ ಇದು ಇಷ್ಟ ಬಂದ ಹಾಗೆ ಬದಲಾಗೋಕೆ ಆಗಲ್ಲ, ಹಾಗಾಗಿ ಹೆಚ್ಚಾಗಿ ಎ2 ತಳಿಯಿಂದ ಮಾಡಿದ ಲಸಿಕೆ ಬೇರೆ ಜೀನೋಟೈಪ್‌ಗಳ ಮೇಲೂ ಕೆಲಸ ಮಾಡುತ್ತೆ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಕೊಡಬೇಕು ಅನ್ನೋದೂ ಇದೇ ಇತಿಹಾಸದಿಂದ ಬಂದ ಮಾತು, ಅಮ್ಮನಿಂದ ಮಗುಗೆ ದಾಟೋ ಆ ಒಂದು ಗಳಿಗೆಯಲ್ಲೇ ತಡೀಬೇಕು. ನಮ್ಮ ದೇಶದ ಲಸಿಕೆ ಕಾರ್ಯಕ್ರಮದಲ್ಲಿ ಹುಟ್ಟಿದ ತಕ್ಷಣ ಒಂದು, ಆಮೇಲೆ 6, 10, 14ನೇ ವಾರ ಪೆಂಟಾವೇಲೆಂಟ್ ಅನ್ನೋ ಐದು ರೋಗಗಳ ಲಸಿಕೆಯಲ್ಲೇ ಸೇರಿ ಸಿಗುತ್ತೆ, ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ. ಬಿ ಮತ್ತು ಸಿ ತಳಿಗಳೇ ತುಂಬಿದ್ದ ತೈವಾನ್ 1984ರಲ್ಲಿ ಹುಟ್ಟೋ ಮಕ್ಕಳಿಗೆ ಈ ಲಸಿಕೆ ಶುರು ಮಾಡ್ತು, ಆಗ ಅಲ್ಲಿ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳ ರಕ್ತದಲ್ಲಿ ಈ ವೈರಸ್ ಇತ್ತು, ಇಪ್ಪತ್ತು ವರ್ಷದ ನಂತರ ಅದು ಒಂದಕ್ಕಿಂತ ಕಮ್ಮಿ ಆಯ್ತು.